ಫೋಟೋದ ಬೆನ್ನು

ನಾಗಮಂಗಲದ ಕಡೆಯ ನಮ್ಮೂರಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವೆ. ತೀರಿಹೋದವರ ಪಟಗಳು ಗೋಡೆಗೆ ಒರಗಿ ಸಾಲಾಗಿ ಕೂರುತ್ತವೆ. ಮುಂದೆ ಬಾಳೆಲೆ, ಪಕ್ಕದಲ್ಲಿ ಮಡಿಸಿಟ್ಟ ಹೊಸ ಪಂಚೆ, ಸೀರೆ. ಹೋದ ವರ್ಷ ಹಬ್ಬದ ಹಿಂದಿನ ಸಂಜೆ ಅವ್ವ ಅವರೆಕಾಳು ನೆನೆಹಾಕಿ ಬಂದು, ಪಟಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತ ಕೂತಿದ್ದವಳು ತಟ್ಟನೆ ಕೈ ನಿಲ್ಲಿಸಿದಳು. ಒಂದು ಪಟ ಕಡಿಮೆ ಇತ್ತು. ಅಪ್ಪನ ತಂಗಿಯದು. ಮದುವೆಗೆ ಮೊದಲೇ ಜ್ವರ ಬಂದು ತೀರಿಕೊಂಡ ನನ್ನ ಸೋದರತ್ತೆ ಅವರು. ಹಳೇ ಮನೆ ರಿಪೇರಿಯಾದಾಗ ಆ ಪಟದ ಕಟ್ಟಿಗೆ ಗೆದ್ದಲು ಹತ್ತಿ, ಒಳಗಿನ ಮುಖವನ್ನೂ ತಿಂದು ಹಾಕಿತ್ತು. ಹಳೇ ಆಲ್ಬಮ್ ಇದ್ದ ಟ್ರಂಕು ಅದೇ ಮಳೆಗಾಲದಲ್ಲಿ ಸೋರುವ ಮಾಡಿನ ಕೆಳಗೆ ಉಳಿದು, ಫೋಟೋಗಳೆಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು.

"ನಿನ್ ಫೋನಿಗೆ ಎಲ್ಲಾನೂ ಹತ್ತಿಸ್ಕಂಡಿದ್ದೀನಿ ಅಂದಿದ್ದೆಯಲ್ಲಪ್ಪ, ಅದ್ರಲ್ಲಿ ನೋಡು" ಎಂದಳು ಅವ್ವ.

ಹೌದು, ಹತ್ತಿಸಿದ್ದೆ. 2017ರ ಬೇಸಿಗೆಯಲ್ಲಿ ಜಗುಲಿಯ ಬೆಳಕಿಗೆ ಆಲ್ಬಮ್ ಇಟ್ಟುಕೊಂಡು, 212 ಫೋಟೋಗಳನ್ನು ಒಂದೊಂದಾಗಿ ಫೋನಿನಲ್ಲಿ ತೆಗೆದಿದ್ದೆ. ಅವೆಲ್ಲ ಕ್ಲೌಡ್ ಸೇರಿದ್ದವು. ನಲವತ್ತು ಸಾವಿರ ಚಿತ್ರಗಳ ನಡುವಿನಿಂದ ನನಗೆ ಬೇಕಾದದ್ದು ಅರ್ಧ ನಿಮಿಷದಲ್ಲಿ ಸಿಕ್ಕಿತು. ಮೈಸೂರಿನ ಯಾವುದೋ ಸ್ಟುಡಿಯೋದ ಬಣ್ಣದ ಪರದೆ, ಅದರ ಮುಂದೆ ಜಡೆ ಹಾಕಿಕೊಂಡ ಇಬ್ಬರು ಹುಡುಗಿಯರು. ಅಜ್ಜ ದಸರೆಗೆ ಕರೆದುಕೊಂಡು ಹೋಗಿದ್ದಾಗ ತೆಗೆಸಿದ್ದು. ಇಬ್ಬರಲ್ಲಿ ಒಬ್ಬರು ನನ್ನ ಅತ್ತೆ.

ಯಾರು?

ಅವ್ವ ಆ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೆ ನನ್ನ ಈ ಸೋದರತ್ತೆ ತೀರಿಹೋಗಿದ್ದರು. ಅವಳು ಕಂಡಿದ್ದು ಮಸುಕಾದ ಪಟವನ್ನು ಮಾತ್ರ. ನನ್ನ ಫೋನನ್ನು ದೀಪದ ಹತ್ತಿರ ಹಿಡಿದು ಒಂದು ಮುಖದ ಮೇಲೆ ಬೆರಳಿಟ್ಟಳು. ಬೆರಳು ಸೋಕಿದ್ದೇ ತಡ ಚಿತ್ರ ಸರಿದು ಮುಂದಿನದು ಬಂತು. ಮತ್ತೆ ತಂದುಕೊಟ್ಟೆ. ಮತ್ತೆ ಸರಿಯಿತು. ಕಾಗದದ ಫೋಟೋ ಆಗಿದ್ದರೆ ಅವಳು ಅದನ್ನು ತಿರುಗಿಸಿ ನೋಡುತ್ತಿದ್ದಳು. ಹಿಂದುಗಡೆ ಸ್ಟುಡಿಯೋದ ನೇರಳೆ ಮೊಹರು ಇತ್ತು, ಅದರ ಕೆಳಗೆ ಅಜ್ಜನ ಸೀಸದಕಡ್ಡಿಯ ಬರಹ ಇತ್ತು ಎಂಬುದು ನನಗೇ ನೆನಪಿದೆ. ಏನು ಬರೆದಿತ್ತು ಎಂಬುದು ನೆನಪಿಲ್ಲ. 212 ಫೋಟೋಗಳ ಮುಖವನ್ನಷ್ಟೇ ತೆಗೆದಿದ್ದೆ. ಒಂದರ ಬೆನ್ನನ್ನೂ ತೆಗೆದಿರಲಿಲ್ಲ.

ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಾವು ಕ್ಲೌಡಿನಲ್ಲಿ ಇಡುತ್ತಿರುವುದು ಏನನ್ನು?

ಕೆಲಸದ ರೀತಿ ನೋಡಿದರೆ ಕ್ಲೌಡ್ ನಿಜಕ್ಕೂ ದೊಡ್ಡ ಸಾಧನೆ. ನಾವು ಚಿತ್ರ ತೆಗೆದ ಕೂಡಲೇ ಆ್ಯಪ್ ಆ ಕಡತಕ್ಕೆ ಅಂಕಿಗಳ ಒಂದು ಗುರುತು ಕಟ್ಟುತ್ತದೆ, ಬೆರಳಚ್ಚಿನ ಹಾಗೆ. ಅದೇ ಗುರುತಿನದು ಆಗಲೇ ಅಲ್ಲಿದ್ದರೆ ಎರಡನೇ ಸಲ ಕಳಿಸುವುದಿಲ್ಲ. ಇಲ್ಲದಿದ್ದರೆ ವೈಫೈ ಸಿಕ್ಕಾಗ ಮೇಲಕ್ಕೆ ಕಳಿಸುತ್ತದೆ. ಮೇಲಕ್ಕೆ ಎನ್ನುವುದು ಮಾತಿಗಷ್ಟೆ. ಮೋಡವೆಂದು ಹೆಸರಿಟ್ಟರೂ ಅದು ನೆಲದ ಮೇಲಿನ ಕಟ್ಟಡ. ಕರೆಂಟು ಬೇಕು, ತಂಪು ಬೇಕು, ಸಾಲುಸಾಲು ಡಿಸ್ಕು ಬೇಕು. ಡಿಸ್ಕುಗಳು ಕೆಡುತ್ತಲೇ ಇರುತ್ತವೆ. ಹಾಗಾಗಿ ದೊಡ್ಡ ಕಂಪನಿಗಳು ಒಂದೇ ಫೋಟೋವನ್ನು ಹಲವು ಡಿಸ್ಕುಗಳಲ್ಲಿ, ಬೇರೆ ಬೇರೆ ಊರಿನ ಕಟ್ಟಡಗಳಲ್ಲಿ ಇಡುತ್ತವೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಒಂದು 2021ರ ಮಾರ್ಚ್ 10ರಂದು ಸುಟ್ಟುಹೋಯಿತು. ಬೇರೆ ಕಡೆ ನಕಲು ಇಟ್ಟಿದ್ದವರದು ಉಳಿಯಿತು, ಇಡದೆ ಇದ್ದ ಎಷ್ಟೋ ಗ್ರಾಹಕರ ದಾಖಲೆ ಬೂದಿಯಾಯಿತು. ನಮ್ಮ ಮನೆಯ ಪಟಕ್ಕೂ ಇದ್ದದ್ದು ಒಂದೇ ಪ್ರತಿ. ಗೆದ್ದಲು ಮಾಡಿದ್ದೂ ಬೆಂಕಿ ಮಾಡಿದ್ದನ್ನೇ.

ಇಲ್ಲೊಂದು ಮಾತು ಹೇಳಲೇಬೇಕು. ಕ್ಲೌಡನ್ನು ಬ್ಯಾಂಕಿನ ಲಾಕರ್ ಎಂದುಕೊಂಡವರು ಬಹಳ. ಅದು ಫೋನಿನ ಕನ್ನಡಿ ಕೂಡ ಹೌದು. ಜಾಗ ಸಾಲದೆಂದು ಫೋನಿನ ಆ್ಯಪಿನಲ್ಲಿ ಚಿತ್ರ ಅಳಿಸಿದರೆ ಮೇಲಿನದೂ ಅಳಿಯುತ್ತದೆ. ಗೂಗಲ್ ಫೋಟೋಸ್ ಬ್ಯಾಕಪ್ ಆದ ಚಿತ್ರವನ್ನು ಕಸದ ಬುಟ್ಟಿಯಲ್ಲಿ 60 ದಿನ ಇಟ್ಟಿರುತ್ತದೆ, ಆ್ಯಪಲ್ 30 ದಿನ. ಆಮೇಲೆ ಯಾರನ್ನು ಕೇಳಿದರೂ ಸಿಗದು. ಫೋನಿನಲ್ಲಿ ಜಾಗ ಬೇಕಿದ್ದರೆ ಅದಕ್ಕೆಂದೇ ಬೇರೆ ಆಯ್ಕೆ ಇದೆ, ಅದನ್ನು ಬಳಸಬೇಕು.

ಈಗ ಬೆನ್ನಿನ ವಿಷಯ. ಡಿಜಿಟಲ್ ಫೋಟೋಗೂ ಒಂದು ಬೆನ್ನಿದೆ. ಕಡತದ ಒಳಗೇ ಕ್ಯಾಮೆರಾ ಬರೆದಿಟ್ಟ ಟಿಪ್ಪಣಿ ಅದು. ತೆಗೆದ ದಿನ, ಗಂಟೆ, ನಿಮಿಷ, ಫೋನಿನ ಮಾಡೆಲ್, ನಾವು ಒಪ್ಪಿಗೆ ಕೊಟ್ಟಿದ್ದರೆ ನಿಂತ ಜಾಗದ ಅಕ್ಷಾಂಶ ರೇಖಾಂಶ. ಚಿತ್ರಗಳನ್ನು ವರ್ಷವಾರು, ಊರುವಾರು ಜೋಡಿಸುವುದಕ್ಕೆ ಆಧಾರವೇ ಈ ಬರಹ. ಅದೇ ಚಿತ್ರ ವಾಟ್ಸ್‌ಆ್ಯಪಿನಲ್ಲಿ ಮಾಮೂಲಿಯಂತೆ ಕಳಿಸಿದರೆ ಟಿಪ್ಪಣಿ ಉದುರಿಹೋಗುತ್ತದೆ. ಮದುವೆಮನೆಯ ಗುಂಪಿನಲ್ಲಿ ನಮಗೆ ಬಂದು ಬೀಳುವ ನೂರಾರು ಫೋಟೋಗಳು ಬೆನ್ನಿಲ್ಲದವು. ನಾನು ಜಗುಲಿಯಲ್ಲಿ ತೆಗೆದವಕ್ಕೆ ಬೆನ್ನಿತ್ತು, ಆದರೆ ಅದು ಸುಳ್ಳು ಹೇಳುತ್ತಿತ್ತು. ದಸರೆಗೆ ಹೋದ ಆ ಹುಡುಗಿಯರು 2017ರ ಮೇ ತಿಂಗಳಲ್ಲಿ, ನನ್ನ ಮಗಳ ಹುಟ್ಟುಹಬ್ಬದ ಕೇಕಿನ ಪಕ್ಕದಲ್ಲಿ ನಿಂತಿದ್ದರು. ಯಂತ್ರಕ್ಕೆ ಗೊತ್ತಿದ್ದದ್ದು ನಾನು ತೆಗೆದ ದಿನ. ಅವರು ನಿಂತ ದಿನ ಅದಕ್ಕೆ ಯಾರೂ ಹೇಳಿರಲಿಲ್ಲ.

ಆ ಸಂಜೆಯೇ ಇನ್ನೊಂದು ನಡೆಯಿತು. ಮುಖಗಳನ್ನು ಗುಂಪು ಮಾಡುವ ಪುಟ ತೆರೆದಾಗ ಆ್ಯಪ್ ಎರಡು ಮುಖಗಳನ್ನು ಅಕ್ಕಪಕ್ಕ ಇಟ್ಟು, ಇವರಿಬ್ಬರೂ ಒಬ್ಬರೇನಾ ಬೇರೆಯಾ ಎಂದು ಕೇಳಿತು. ಒಂದು ಸ್ಟುಡಿಯೋದ ಹುಡುಗಿಯರಲ್ಲಿ ಎಡಗಡೆಯವಳು. ಇನ್ನೊಂದು ನನ್ನ ಮಗಳು. ಅವ್ವ ಬಗ್ಗಿ ನೋಡಿದಳು. "ನೋಡು, ಅದೇ ಹಣೆ, ಅದೇ ಗಲ್ಲ. ಇವಳೇ ಕಣಪ್ಪ ನಿಮ್ಮತ್ತೆ. ತಿರುಗಿ ಬಂದವ್ಳೆ ನಮ್ಮನೆಗೆ." ನನಗೂ ಮೈ ಜುಮ್ಮೆಂದಿತು. ಆ ಮುಖವನ್ನೇ ಕತ್ತರಿಸಿ ಪ್ರಿಂಟ್ ಹಾಕಿಸಿ ತರಲು ಬೆಳ್ಳೂರು ಕ್ರಾಸಿಗೆ ಹೊರಟಿದ್ದೆ. ಚಪ್ಪಲಿ ಮೆಟ್ಟುವಾಗ ಯಾಕೋ, ಒಂದು ಮಾತು ಕೇಳಿಬಿಡೋಣ ಎನಿಸಿ, ಪಾಂಡವಪುರದಲ್ಲಿರುವ ದೊಡ್ಡತ್ತೆಗೆ ಚಿತ್ರ ಕಳಿಸಿದೆ. ಅವರ ಮೊಮ್ಮಗ ಫೋನು ಹಿಡಿದು ತೋರಿಸಿದನಂತೆ. ಎರಡು ನಿಮಿಷಕ್ಕೆ ಅವರೇ ಮಾತಾಡಿದರು.

"ಬಲಗಡೆ ನಿಂತವ್ಳು ಕಣೋ ನಿಮ್ಮತ್ತೆ. ಜಡೆ ಮುಂದಕ್ಕೆ ಹಾಕ್ಕಂಡವ್ಳಲ್ಲ, ಅವ್ಳು. ಎಡಗಡೆ ಇರೋಳು ನಾನು. ಗುರ್ತು ಸಿಗ್ನಿಲ್ವಾ?"

ಬದುಕಿರುವವರ ಪಟಕ್ಕೆ ಎಡೆ ಇಡುವವರಿದ್ದೆವು. ಅವ್ವ ಎರಡೂ ಕೈಯಲ್ಲಿ ಕೆನ್ನೆ ಮುಟ್ಟಿಕೊಂಡಳು.

ಯಂತ್ರದ ತಪ್ಪೇನೂ ಇರಲಿಲ್ಲ. ಅದು ಮುಖವನ್ನು ಅಂಕಿಗಳ ಸಾಲಾಗಿ ಮಾಡಿಕೊಳ್ಳುತ್ತದೆ. ಗೂಗಲ್ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಫೇಸ್‌ನೆಟ್ ಎಂಬ ವಿಧಾನದಲ್ಲಿ ಒಂದು ಮುಖಕ್ಕೆ 128 ಅಂಕಿ. ಎರಡು ಸಾಲುಗಳ ನಡುವಿನ ಅಂತರ ಕಡಿಮೆಯಾದಷ್ಟೂ ಇಬ್ಬರೂ ಒಬ್ಬರೇ ಎನ್ನುವ ನಂಬಿಕೆ ಅದಕ್ಕೆ ಹೆಚ್ಚು. ಅರವತ್ತು ವರ್ಷದ ಅಂತರವಿದ್ದರೂ ದೊಡ್ಡತ್ತೆಯ ಹಣೆ ನನ್ನ ಮಗಳಲ್ಲಿ ಇರುವುದನ್ನು ಅದು ಕಂಡುಹಿಡಿಯಿತು. ನಾನು ಕಂಡಿರಲಿಲ್ಲ. ನಮ್ಮ ವಂಶದ ಹೋಲಿಕೆ ಅದಕ್ಕೆ ಸಿಕ್ಕಿತು. ಯಾರು ಎಂಬುದು ಸಿಗಲಿಲ್ಲ, ಯಾಕೆಂದರೆ ಅದು ಮುಖದಲ್ಲಿ ಇರುವುದೇ ಇಲ್ಲ. ಮುಖ ನೋಡಿ ಹೆಸರು ಹೇಳುವುದು ಜೊತೆಯಲ್ಲಿ ಬಾಳಿದವರ ಕೆಲಸ. ಸೇವೆಗಳೂ ಅದನ್ನು ಒಪ್ಪಿಕೊಂಡಂತೆಯೇ ನಡೆಯುತ್ತವೆ. ಮುಖಗಳ ಗುಂಪು ಕಟ್ಟಿ, ಹೆಸರಿನ ಜಾಗವನ್ನು ಖಾಲಿ ಬಿಟ್ಟು, ನಮ್ಮನ್ನು ಕೇಳುತ್ತವೆ.

ಯಂತ್ರ ತಾನೇ ಹೆಸರಿಡಲು ಹೋದಾಗ ಏನಾಯಿತು ಎಂಬುದೂ ದಾಖಲಾಗಿದೆ. 2015ರಲ್ಲಿ ಗೂಗಲ್ ಫೋಟೋಸ್ ಅಮೆರಿಕದ ಇಬ್ಬರು ಕಪ್ಪು ವರ್ಣೀಯರ ಚಿತ್ರಕ್ಕೆ ಗೊರಿಲ್ಲಾ ಎಂದು ಚೀಟಿ ಅಂಟಿಸಿತು. ಕಂಪನಿ ಕ್ಷಮೆ ಕೇಳಿತು, ಆ ಪದವನ್ನೇ ಪಟ್ಟಿಯಿಂದ ತೆಗೆದುಹಾಕಿತು. ಹೆಸರಿಡುವುದು ಸಣ್ಣ ಕೆಲಸ ಅಲ್ಲ. ತಪ್ಪು ಹೆಸರು ಮನುಷ್ಯನನ್ನು ಇರಿಯುತ್ತದೆ.

ಅವ್ವ ಅವರೆಕಾಳು ನೆನೆಹಾಕುತ್ತಾಳೆ, ಸತ್ತವರನ್ನೂ ನೆನೆಯುತ್ತಾಳೆ. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು. ರಾತ್ರಿಯೆಲ್ಲ ನೀರು ಕುಡಿದ ಕಾಳು ಬೆಳಿಗ್ಗೆ ಉಬ್ಬಿ ಸಿಪ್ಪೆ ಬಿಡುತ್ತದೆ, ಹಿತಕಿದರೆ ಜಾರುತ್ತದೆ. ಡಬ್ಬಿಯಲ್ಲಿ ಇಟ್ಟ ಕಾಳು ವರ್ಷಗಟ್ಟಲೆ ಹಾಗೇ ಇರುತ್ತದೆ, ಆದರೆ ಅದನ್ನು ಉಣ್ಣುವಂತಿಲ್ಲ. ನನ್ನ ನಲವತ್ತು ಸಾವಿರ ಚಿತ್ರಗಳು ಡಬ್ಬಿಯ ಕಾಳು. ಕೆಡದಂತೆ ಇಡುವ ಡಬ್ಬಿಯನ್ನು ಕಂಪನಿಗಳು ಚೆನ್ನಾಗಿ ಮಾಡಿವೆ. ನೀರು ಹಾಕಬೇಕಾದವರು ನಾವು, ಹಾಕುತ್ತಿಲ್ಲ. ಸುರಕ್ಷಿತವಾಗಿದೆ ಎಂಬ ನೆಮ್ಮದಿಯೇ ನಮ್ಮನ್ನು ಅದರ ಹತ್ತಿರ ಹೋಗದ ಹಾಗೆ ಮಾಡಿದೆ. ಅಜ್ಜನಿಗೆ ಹಾಗಿರಲಿಲ್ಲ. ವರ್ಷಕ್ಕೊಂದು ಫೋಟೋ, ಅದಕ್ಕೆ ಕೊಟ್ಟ ದುಡ್ಡಿನ ಬೆಲೆ ಅವರಿಗೆ ಗೊತ್ತಿತ್ತು, ಮನೆಗೆ ತಂದ ದಿನವೇ ಕೂತು ಹಿಂದೆ ಹೆಸರು ಬರೆದರು.

ಆ ಡಬ್ಬಿಯಾದರೂ ಎಷ್ಟು ದಿನ? ಗೂಗಲ್ ಫೋಟೋಸ್ 2015ರ ಮೇ 28ರಂದು ಬಂದಾಗ 16 ಮೆಗಾಪಿಕ್ಸೆಲ್‌ವರೆಗಿನ ಚಿತ್ರಗಳಿಗೆ ಲೆಕ್ಕವಿಲ್ಲದಷ್ಟು ಜಾಗ ಪುಕ್ಕಟೆ ಎಂದಿತ್ತು. 2020ರ ನವೆಂಬರಿನಲ್ಲಿ, ತನ್ನಲ್ಲಿ 4 ಲಕ್ಷ ಕೋಟಿಗೂ ಹೆಚ್ಚು ಫೋಟೋಗಳಿವೆ, ವಾರಕ್ಕೆ 2,800 ಕೋಟಿ ಹೊಸ ಫೋಟೋ ವಿಡಿಯೋಗಳು ಬಂದು ಸೇರುತ್ತಿವೆ ಎಂದು ಹೇಳಿ, ಮುಂದಿನ ಜೂನ್ 1ರಿಂದ ಆ ಸೌಲಭ್ಯ ನಿಲ್ಲಿಸಿತು. ಈಗ ಜಿಮೇಲ್, ಡ್ರೈವ್, ಫೋಟೋ ಮೂರಕ್ಕೂ ಸೇರಿ 15 ಜಿಬಿ. ಫ್ಲಿಕರ್ ಎಂಬ ಫೋಟೋ ತಾಣ 2013ರಲ್ಲಿ 1 ಟಿಬಿ ಪುಕ್ಕಟೆ ಕೊಟ್ಟು, 2018ರಲ್ಲಿ ದುಡ್ಡು ಕೊಡದವರಿಗೆ 1,000 ಚಿತ್ರದ ಮಿತಿ ಘೋಷಿಸಿತು. ಅವರನ್ನು ದೂರುವುದು ಸರಿಯಲ್ಲ, ಡಿಸ್ಕಿಗೂ ಕರೆಂಟಿಗೂ ಯಾರಾದರೂ ದುಡ್ಡು ಕೊಡಲೇಬೇಕು. ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ನಿಯಮ. 2 ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಯನ್ನು, ಅದರಲ್ಲಿನ ಫೋಟೋಗಳ ಸಮೇತ, ಗೂಗಲ್ ಅಳಿಸಬಹುದು. 2023ರ ಡಿಸೆಂಬರಿನಿಂದ ಇದು ಜಾರಿಯಲ್ಲಿದೆ. ಸತ್ತವರು ಲಾಗಿನ್ ಆಗುವುದಿಲ್ಲ. ಎಡೆಯ ಮುಂದೆ ನಾವು ಮೂರು ತಲೆಮಾರಿನ ಹೆಸರು ಹೇಳುತ್ತೇವೆ, ಅಲ್ಲಿ ಎರಡು ವರ್ಷ. ತನ್ನ ನಂತರ ಖಾತೆ ಯಾರಿಗೆ ಎಂದು ಮೊದಲೇ ಬರೆದಿಡುವ ಏರ್ಪಾಡು ಗೂಗಲ್‌ನಲ್ಲೂ ಇದೆ, 2021ರಿಂದ ಆ್ಯಪಲ್‌ನಲ್ಲೂ ಇದೆ. ಜಮೀನಿಗೆ ವಿಲ್ ಬರೆಸುವ ನಾವು ಇದನ್ನು ಮಾಡಿಲ್ಲ. ನಾನು ಆ ಹಬ್ಬ ಮುಗಿದ ವಾರ ಮಾಡಿದೆ, ಮಗಳ ಹೆಸರಿಗೆ.

ಹೆಸರು ಬರೆಯುವುದಕ್ಕೂ ಒಂದು ತೊಡಕಿದೆ. ಗೂಗಲ್ ಫೋಟೋಸಿನಲ್ಲಿ ಚಿತ್ರದ ಕೆಳಗೆ ವಿವರಣೆ ಬರೆಯಲು ಜಾಗವಿದೆ. ಆದರೆ ಅಲ್ಲಿ ಬರೆದದ್ದು ಚಿತ್ರದ ಕಡತದೊಳಗೆ ಸೇರುವುದಿಲ್ಲ. ನಿಮ್ಮ ಫೋಟೋಗಳನ್ನೆಲ್ಲ ಗೂಗಲ್‌ನ ಟೇಕ್‌ಔಟ್ ಎಂಬ ಸೌಲಭ್ಯದ ಮೂಲಕ ಇಳಿಸಿಕೊಂಡರೆ ಚಿತ್ರ ಒಂದು ಕಡತ, ಬರಹ ಪಕ್ಕದಲ್ಲಿ ಇನ್ನೊಂದು ಕಡತ. ಎರಡೂ ಬೇರೆಯಾದರೆ ಮತ್ತೆ ಬೆನ್ನಿಲ್ಲದ ಫೋಟೋ. ಅಜ್ಜನ ಸೀಸದಕಡ್ಡಿ ಕಾಗದವನ್ನು ಬಿಟ್ಟು ಎಲ್ಲೂ ಹೋಗುತ್ತಿರಲಿಲ್ಲ. ಅದಕ್ಕೇ ನಾನು ವಿವರಣೆಯನ್ನೂ ಬರೆಯುತ್ತೇನೆ, ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಚಿತ್ರದ ಸಂಖ್ಯೆ ಹಾಕಿ ಹೆಸರುಗಳನ್ನೂ ಬರೆಯುತ್ತೇನೆ. ಆ ಪುಟಗಳ ಫೋಟೋ ತೆಗೆದು ಅವನ್ನೂ ಮೇಲೆ ಕಳಿಸುತ್ತೇನೆ.

ಹಬ್ಬದ ದಿನ ಬಲಗಡೆಯ ಹುಡುಗಿಯ ಪಟ ಎಡೆಯ ಮುಂದೆ ಕೂತಿತು. ಆಮೇಲಿನ ನಾಲ್ಕು ರಜೆಗಳಲ್ಲಿ ಅವ್ವನ ಪಕ್ಕ ಕೂತು 212ರಲ್ಲಿ 139ಕ್ಕೆ ಹೆಸರು ಬರೆದೆವು. ಉಳಿದ 73 ಅವಳು ಸೊಸೆಯಾಗಿ ಬರುವುದಕ್ಕೂ ಹಿಂದಿನವು. ಅವುಗಳಲ್ಲಿರುವವರನ್ನು ಬಲ್ಲವರು ಈಗ ದೊಡ್ಡತ್ತೆ ಒಬ್ಬರೇ. ಅವರಿಗೆ 82 ವರ್ಷ. ಬರುವ ಭಾನುವಾರ ಫೋಟೋಗಳನ್ನೆಲ್ಲ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಪಾಂಡವಪುರಕ್ಕೆ ಹೋಗುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಅಂಥವರು ಒಬ್ಬರು ಇದ್ದರೆ, ದಯವಿಟ್ಟು, ದೀಪಾವಳಿಗೆ ಹೋದಾಗ ಕೇಳಿದರಾಯಿತು ಎಂದು ಬಿಡಬೇಡಿ.