ಮಂಜಿನೊಳಗಣ ಬೆಂಕಿ

ತರ್ಕಶಾಸ್ತ್ರದ ಮೊದಲ ಪಾಠಕ್ಕೆ ಕುಳಿತ ಶಿಷ್ಯನಿಗೆ ಬೆಟ್ಟದ ಮೇಲಣ ಹೊಗೆಯನ್ನು ತೋರಿಸಿ ಅಲ್ಲಿ ಅಗ್ನಿಯುಂಟೆಂದು ಅನುಮಾನಿಸುವುದನ್ನು ಕಲಿಸುವ ಗುರುಗಳು, ಬೆನ್ನಿಗೇ ಎಚ್ಚರಿಕೆಯೊಂದನ್ನೂ ಹೇಳುವರು: ಕಾಣುತ್ತಿರುವುದು ಹೊಗೆಯೋ ಮಂಜೋ ಎಂಬುದು ನಿಶ್ಚಯವಾಗುವ ತನಕ ಬೆಂಕಿಯ ಮಾತೆತ್ತಲಾಗದು. ಎತ್ತಿದರೆ ಅದು ಹೇತುವಲ್ಲ, ಹೇತುವಿನಂತೆ ತೋರುವ ಹೇತ್ವಾಭಾಸ. ಬೌದ್ಧ ತಾರ್ಕಿಕರು ಇದನ್ನು ಸಂದಿಗ್ಧಾಸಿದ್ಧವೆಂದರು. ಮಂಜು ನೀರಿನ ಕುಲ, ಹೊಗೆ ಬೆಂಕಿಯ ಕುಲ. ಇವೆರಡಕ್ಕೂ ನಂಟಿಲ್ಲವೆಂಬ ನಂಬಿಕೆಯನ್ನಾಶ್ರಯಿಸಿ ಆ ಉದಾಹರಣೆ ಶತಮಾನಗಳ ಕಾಲ ನೆಮ್ಮದಿಯಾಗಿ ಬಾಳಿತು.

ಕ್ಯಾಲಿಫೋರ್ನಿಯದ ಕಡಲಂಚಿನಲ್ಲಿ, ಲಾಸ್ ಏಂಜಲೀಸಿನ ದಕ್ಷಿಣಕ್ಕಿರುವ ಕೊರೋನಾ ಡೆಲ್ ಮಾರ್ ಎಂಬಲ್ಲಿ, 1982ರ ಡಿಸೆಂಬರಿನಲ್ಲಿ ಹಿಡಿದಿಟ್ಟ ಮಂಜಿನ ನೀರಿನ ಪಿಎಚ್ ಮಾನವು 1.69ಕ್ಕೆ ಇಳಿದಿದ್ದುದನ್ನು ಕ್ಯಾಲ್‌ಟೆಕ್ ಸಂಸ್ಥೆಯ ಮೈಕೇಲ್ ಹಾಫ್‌ಮನ್ ಮತ್ತವರ ಸಂಗಡಿಗರು ಕಂಡರು. ನಿಂಬೆಯ ರಸವೂ ಸಾಮಾನ್ಯವಾಗಿ ಅಷ್ಟು ಹುಳಿಯಲ್ಲ. ಆ ಹುಳಿಯ ಬೇರು ಬೆಂಕಿಯಲ್ಲೇ ಇದೆ: ಮೋಟಾರು ಎಂಜಿನ್ನುಗಳ ಉರಿಯಲ್ಲಿ ವಾಯುವಿನ ಸಾರಜನಕವು ಆಮ್ಲಜನಕದೊಡನೆ ಕೂಡಿ, ಹೊರಬಂದು ಗಾಳಿಯಲ್ಲಿ ಮತ್ತೂ ಮಾರ್ಪಟ್ಟು ನೈಟ್ರಿಕ್ ಆಮ್ಲವಾಗಿ ಹನಿಯೊಳಗೆ ಕರಗುತ್ತದೆ. ಮಳೆಯಾದರೆ ತನ್ನ ಹೇರಳ ನೀರಿನಿಂದ ಅದನ್ನು ತೆಳುವಾಗಿಸೀತು, ಮಂಜಿಗಾದರೋ ಅಷ್ಟು ನೀರಿನ ಸಿರಿಯಿಲ್ಲ, ಬಿಸಿಲೇರಿ ಹನಿಯು ಆರತೊಡಗಿದಂತೆ ಉಳಿದ ಹುಳಿ ಇನ್ನೂ ತೀಕ್ಷ್ಣವಾಗುತ್ತದೆ.

ಹಾಗೆಂದು ಮಂಜು ಹಿಂದೆ ಪರಿಶುದ್ಧವಾಗಿದ್ದಿತೆಂದು ಹಲುಬುವುದೂ ಸಲ್ಲದು. ಒಂದು ಉಪ್ಪಿನ ಕಣವನ್ನೋ ಧೂಳಿನ ಕಣವನ್ನೋ ಆಶ್ರಯಿಸದೆ ಆವಿಯು ಹನಿಯಾಗದೆಂಬುದನ್ನು ಸ್ಕಾಟ್ಲೆಂಡಿನ ಜಾನ್ ಐಟ್ಕನ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ತೋರಿಸಿಕೊಟ್ಟಿದ್ದನು. ಕೆಂಪು ದಾಸವಾಳದ ಸನ್ನಿಧಿಯಲ್ಲಿ ಕೆಂಪಾಗಿ ತೋರುವ ಸ್ಫಟಿಕವು, ಹೂವನ್ನು ಸರಿಸಿದೊಡನೆ ತನ್ನ ಬಿಳುಪಿಗೆ ಮರಳುವುದೆಂದು ವೇದಾಂತಿಗಳು ಹೇಳುವರಷ್ಟೆ. ಮಂಜಿನ ಹನಿಗೆ ಆ ದೃಷ್ಟಾಂತ ಹೊಂದದು. ಇಲ್ಲಿ ಕಣವೆಂಬ ಉಪಾಧಿಯನ್ನು ಸರಿಸಿದರೆ ಹನಿಯೇ ಇಲ್ಲ.

ಈಗ ಮಂಜನ್ನು ಕಂಡು ಬೆಂಕಿಯನ್ನು ಊಹಿಸಿದವನನ್ನು ಗುರುಗಳು ಗದರಿಸಬಲ್ಲರೆ? ಗದರಿಸಬಲ್ಲರೆಂದೇ ನನಗೆ ತೋರುತ್ತದೆ, ಆದರೆ ಬೇರೆಯ ಕಾರಣಕ್ಕೆ: ಬೆಟ್ಟದ ಹೊಗೆಗೆ ಬೆಂಕಿಯೂ ಆ ಬೆಟ್ಟದಲ್ಲೇ ಇರಬೇಕು, ಇಲ್ಲಿಯಾದರೆ ಹೇತುವು ದಡದಲ್ಲಿದೆ, ಬೆಂಕಿ ನಗರದ ತುಂಬ ಚೆದುರಿ ಆಗಲೇ ಆರಿಯೂ ಹೋಗಿದೆ. ಉಕ್ಕಿದ ಹೊಳೆಯನ್ನು ಕಂಡು ಮೇಲ್ಭಾಗದಲ್ಲಿ ಮಳೆಯಾಯಿತೆಂದು ತಿಳಿಯುವ, ನ್ಯಾಯಭಾಷ್ಯಕಾರ ವಾತ್ಸ್ಯಾಯನನು ಹೇಳಿದ, ಕಾರ್ಯದಿಂದ ಕಾರಣವನ್ನರಿಯುವ ಶೇಷವತ್ ಅನುಮಾನವೇ ಇದಕ್ಕೆ ಹತ್ತಿರ. ಆದರೆ ಮಳೆಯನ್ನು ಯಾರೂ ಸುರಿಸಲಿಲ್ಲ. ಈ ಬೆಂಕಿಯನ್ನು ಹೊತ್ತಿಸಿದವರುಂಟು. ಊಹಿಸುವ ತಾರ್ಕಿಕನೇ ಆ ಬೆಳಗ್ಗೆ ಕಡಲ ಹಾದಿಯಲ್ಲಿ ಕಾರಿನ ದೀಪ ಹಾಕಿಕೊಂಡು, ಗಾಜಿನ ಮೇಲಣ ಹನಿಗಳನ್ನು ಒರೆಸಿಕೊಳ್ಳುತ್ತ, ಮುಂದಿನ ಬಂಡಿಯ ಕೆಂಪು ಬೆಳಕನ್ನರಸಿ ಮೆಲ್ಲಗೆ ಸಾಗುತ್ತಿದ್ದಿರಬಹುದು.