ಬಣ್ಣ ಕೊನೆಗೆ

ವಾಕ್ಯಭಾಗ: ನೆಹೆಮೀಯ 2:11–18, 5:1–13

ಬೈಬಲ್ ತಂದಿದ್ದೀರಾ? ಫೋನಲ್ಲಿ ಓದೋರು ಫೋನಲ್ಲೇ ತೆಗೀರಿ, ಆದ್ರೆ ವಾಟ್ಸಾಪ್ ಮುಚ್ಚಿಡಿ. ನೆಹೆಮೀಯ 2ನೇ ಅಧ್ಯಾಯ, 11ನೇ ವಚನದಿಂದ.

ಓದೋಕೆ ಮುಂಚೆ ಒಂದು ಮಾತು. ಇವತ್ತು ನನ್ನ ಅಣ್ಣನ ವಿಷಯ ಹೇಳ್ತೀನಿ. ಅವನ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ. ನನ್ನ ಹೆಂಡತಿಗೂ ಗೊತ್ತು. ಈ ಸಂದೇಶ ಮೊದಲು ನನಗೆ, ಆಮೇಲೆ ನಿಮಗೆ.

ನಿಮ್ಮಲ್ಲಿ ತುಂಬ ಜನಕ್ಕೆ ನಮ್ಮ ಮನೆ ಪಾರ್ಕಿಂಗ್‌ನಲ್ಲಿರೋ ಯೆಜ್ಡಿ ಗೊತ್ತು. ರೋಡ್‌ಕಿಂಗ್, 250 ಸಿಸಿ, 1986ನೇ ಮಾಡೆಲ್. ನಮ್ಮ ಮೈಸೂರಿನಲ್ಲೇ ತಯಾರಾದ ಗಾಡಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಗಾಡಿ ಮಾಡ್ತಿದ್ರು, 1996ರಲ್ಲಿ ಬಾಗಿಲು ಮುಚ್ಚಿತು. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಕಿಕ್ಕರ್ರೂ ಗೇರ್ ಲಿವರ್ರೂ ಒಂದೇ ಕಡ್ಡಿ. ನಮ್ಮಪ್ಪ ಅದನ್ನ ಸೆಕೆಂಡ್ ಹ್ಯಾಂಡ್ ತಗೊಂಡಿದ್ರು. ಭಾನುವಾರ ಆರಾಧನೆಗೆ ಟ್ಯಾಂಕ್ ಮೇಲೆ ನಾನು, ಹಿಂದೆ ಅಣ್ಣ, ಅವನ ಹಿಂದೆ ಅಮ್ಮ. ಹೆಲ್ಮೆಟ್ ಬಗ್ಗೆ ಕೇಳಬೇಡಿ, ಅದು ಇಸ್ರಾಯೇಲ್ಯರು ಐಗುಪ್ತದಲ್ಲಿದ್ದ ಕಾಲ.

ಅಪ್ಪ ಕರ್ತನ ಬಳಿಗೆ ಹೋದ ಮೇಲೆ ಗಾಡಿ ಹಿತ್ತಲಲ್ಲಿ ಟಾರ್ಪಾಲ್ ಕೆಳಗೆ ನಿಂತುಬಿಡ್ತು. ಟೈರ್ ಮಣ್ಣಿಗೆ ಅಂಟಿಕೊಂಡಿತ್ತು. ಸೀಟಿನೊಳಗೆ ಇಲಿ ಗೂಡು. ಮನೆ ಮಾರುವಾಗ ಗುಜರಿಯವನು ಬಂದು ತೂಕಕ್ಕೆ ಹಾಕ್ತೀನಿ ಅಂದ. ನಾನು ಕೊಡಲಿಲ್ಲ, ಟೆಂಪೋದಲ್ಲಿ ಬೆಂಗಳೂರಿಗೆ ತಂದೆ.

ತಂದು ಮೊದಲು ಏನು ಮಾಡಿದೆ ಗೊತ್ತಾ? ಬಣ್ಣ ಹೊಡೆಸಿದೆ. ಕಪ್ಪು ಟ್ಯಾಂಕು, ಬಂಗಾರದ ಗೆರೆ. ಸ್ಟೇಟಸ್ ಹಾಕಿದೆ. ಇಲ್ಲೇ ಕೂತಿರೋ ಎಷ್ಟೋ ಜನ ಬೆಂಕಿ ಇಮೋಜಿ ಕಳಿಸಿದ್ರಿ. ಹೊಸ ಪ್ಲಗ್ ಹಾಕಿ, ಕಾರ್ಬುರೇಟರ್ ತೊಳೆದು, ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿ ಕಿಕ್ ಹೊಡೆದೆ. ಸ್ಟಾರ್ಟ್ ಆಯ್ತು, ಹಲ್ಲೆಲೂಯಾ! ಆದ್ರೆ ಹೊಗೆ. ಟೂ ಸ್ಟ್ರೋಕ್ ಗಾಡಿ ಸ್ವಲ್ಪ ಹೊಗೆ ಬಿಡುತ್ತೆ, ಅದು ಮಾಮೂಲಿ. ಇದು ಆ ಹೊಗೆ ಅಲ್ಲ. ಪಾರ್ಕಿಂಗ್ ಪೂರ್ತಿ ಬಿಳೀ ಹೊಗೆ. ಮೇಲಿನ ಮನೆ ಆಂಟಿ ಓಡಿಬಂದು, "ಏನ್ರೀ ಪಾಸ್ಟರ್, ಸೊಳ್ಳೆ ಹೊಗೆ ಹಾಕ್ತಿದ್ದೀರಾ?" ಅಂದ್ರು.

ನಮ್ಮ ಬೀದಿಯಲ್ಲಿ ಒಬ್ಬ ವಯಸ್ಸಾದ ಮೆಕ್ಯಾನಿಕ್ ಇದ್ದಾರೆ. ಬಂದು ನೋಡಿದ್ರು. ಬಣ್ಣದ ಕಡೆ ತಿರುಗಿಯೂ ನೋಡಲಿಲ್ಲ. ಗೇರ್ ಆಯಿಲ್ ಎಷ್ಟಿದೆ ನೋಡಿ, ಸೈಲೆನ್ಸರ್ ತುದಿ ಬೆರಳಿಂದ ಸವರಿ ಹೇಳಿದ್ರು: "ಎಡಗಡೆ ಕ್ರ್ಯಾಂಕ್ ಸೀಲ್ ಹೋಗಿದೆ ಸಾಮಿ. ಗೇರ್ ಆಯಿಲ್‌ನ ಇಂಜಿನ್ ಒಳಗೆ ಎಳ್ಕೊಂಡು ಕುಡೀತಿದೆ. ಪೂರ್ತಿ ಬಿಚ್ಚಬೇಕು. ಬಣ್ಣ ಯಾಕೆ ಮೊದಲು ಹೊಡೆಸಿದ್ರಿ? ಬಣ್ಣ ಕೊನೆಗೆ."

ಬಣ್ಣ ಕೊನೆಗೆ. ಇದೇ ಇವತ್ತಿನ ಸಂದೇಶ. ಈಗ ವಾಕ್ಯಕ್ಕೆ ಬನ್ನಿ.

ನೆಹೆಮೀಯ ಅರ್ತಷಸ್ತ ರಾಜನ ಪಾನದಾಯಕ. ಅರಮನೆ ಕೆಲಸ, ಒಳ್ಳೇ ಸಂಬಳ. ಯೆರೂಸಲೇಮಿನ ಗೋಡೆ ಬಿದ್ದಿದೆ, ಬಾಗಿಲು ಸುಟ್ಟುಹೋಗಿವೆ ಅನ್ನೋ ಸುದ್ದಿ ಕೇಳಿ ಕೂತು ಅತ್ತ. ರಾಜನ ಅಪ್ಪಣೆ ತಗೊಂಡು ಬಂದ. ಬಂದವನು ಮಾರನೇ ದಿನವೇ ಕಲ್ಲು ಇಟ್ಟನಾ? ಇಲ್ಲ. ಸ್ಟೇಜ್ ಹಾಕಿ ಭಾಷಣ ಮಾಡಿದನಾ? ಇಲ್ಲ. ಮೂರು ದಿನ ಸುಮ್ಮನಿದ್ದ. ಆಮೇಲೆ ರಾತ್ರಿ ಎದ್ದು, ಕೆಲವರನ್ನ ಮಾತ್ರ ಕರಕೊಂಡು, ಯಾರಿಗೂ ಹೇಳದೆ ಗೋಡೆ ನೋಡೋಕೆ ಹೊರಟ. ತಗ್ಗಿನ ಬಾಗಿಲಿಂದ ಹೊರಟು ತಿಪ್ಪೆ ಬಾಗಿಲ ಕಡೆಗೆ ಹೋದ. ತಿಪ್ಪೆ! ಊರಿನ ಕಸ ಹೋಗೋ ಜಾಗ. ಅದನ್ನೂ ಬಿಡಲಿಲ್ಲ. ಅರಸನ ಕೊಳದ ಹತ್ತಿರ ಅವನು ಕೂತಿದ್ದ ಪಶು ಮುಂದೆ ಹೋಗೋಕೂ ಜಾಗ ಇಲ್ಲದಷ್ಟು ಕಲ್ಲು ಬಿದ್ದಿತ್ತು. ಅದನ್ನೂ ನೋಡಿದ.

ಮೊದಲನೇ ಪಾಯಿಂಟ್ ಬರ್ಕೊಳ್ಳಿ: ದೇವರು ಕಟ್ಟೋಕೆ ಮುಂಚೆ ನೋಡಿಸ್ತಾನೆ.

ನಮಗೆ ಆರಾಧನೆ ಇಷ್ಟ. ಕೈ ಎತ್ತೋದು ಇಷ್ಟ. ಅನ್ಯಭಾಷೆ ಇಷ್ಟ. ಇವೆಲ್ಲ ಬೇಕು, ನಾನು ಬೇಡ ಅನ್ನಲ್ಲ. ಆದ್ರೆ ರಾತ್ರಿ ಹನ್ನೊಂದು ಗಂಟೆಗೆ, ಯಾರೂ ನೋಡದೇ ಇರೋವಾಗ, ಪವಿತ್ರಾತ್ಮನು ಕೈ ಹಿಡಿದು ತಿಪ್ಪೆ ಬಾಗಿಲ ಕಡೆ ಕರಕೊಂಡು ಹೋದ್ರೆ ನೀವು ಹೋಗ್ತೀರಾ? ಅಥವಾ "ಕರ್ತನೇ, ಆ ಕಡೆ ಬೇಡ, ಇನ್ನೊಂದು ಕೋಟ್ ಬಣ್ಣ ಕೊಡು" ಅಂತೀರಾ?

ಸರಿ, ಗಾಡಿ ಬಿಚ್ಚೋಕೆ ಶುರು ಮಾಡಿದೆ. ರಾತ್ರಿ ಹೊತ್ತೇ, ನೆಹೆಮೀಯನ ಥರ. ಮೆಕ್ಯಾನಿಕ್ ಹೇಳಿಕೊಟ್ಟ ಹಾಗೆ ಪ್ರತಿ ಭಾಗ ಬಿಚ್ಚೋಕೆ ಮುಂಚೆ ಒಂದು ಫೋಟೋ. ಒಂದು ರಟ್ಟಿನ ಮೇಲೆ ಇಂಜಿನ್ ಕವರ್ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಟ್ಟೆ. ಯಾಕಂದ್ರೆ ಸ್ಕ್ರೂಗಳೆಲ್ಲ ಒಂದೇ ಥರ ಕಾಣುತ್ತೆ, ಉದ್ದ ಬೇರೆ ಬೇರೆ. ತಪ್ಪು ಜಾಗಕ್ಕೆ ಉದ್ದದ್ದು ಹಾಕಿ ತಿರುಗಿಸಿದ್ರೆ ಕೇಸಿಂಗ್ ಒಡೆಯುತ್ತೆ. ನಟ್ಟು, ವಾಷರ್‌ಗಳಿಗೆ ಮೊಟ್ಟೆ ಟ್ರೇ. ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಹೆಸರು ಬರೆದು ಇಡೋದು. ಮಗಳು ಬಂದು ನೋಡಿ, "ಅಪ್ಪಾ, ತಾತನ ಗಾಡಿ ಸತ್ತೋಯ್ತಾ?" ಅಂದ್ಲು. ಹಾಗೇ ಕಾಣ್ತಿತ್ತು. ಚಾಸಿ ಒಂದು ಕಡೆ, ಇಂಜಿನ್ ಒಂದು ಕಡೆ, ಚಕ್ರ ಬಾತ್‌ರೂಮ್ ಪಕ್ಕ.

4ನೇ ಅಧ್ಯಾಯದಲ್ಲಿ ಸನ್ಬಲ್ಲಟ ಗೇಲಿ ಮಾಡ್ತಾನೆ. ಈ ಸುಟ್ಟ ಕಲ್ಲಿನ ರಾಶಿಗೆ ಜೀವ ಬರಿಸ್ತಾರಂತಾ ಅನ್ನೋ ಅರ್ಥದಲ್ಲಿ ಕೇಳ್ತಾನೆ. ಗುಜರಿಯವನ ಮಾತು ಅದು. ಅವನ ಕಣ್ಣಿಗೆ ತೂಕ ಮಾತ್ರ ಕಾಣುತ್ತೆ.

ಎರಡನೇ ಪಾಯಿಂಟ್: ದೇವರು ಬಿಚ್ಚೋದು ಬಿಸಾಕೋಕಲ್ಲ. ಕೆಲಸ ಹೋಯ್ತು, ಮದುವೆ ಮಾತು ಮುರೀತು, ವೀಸಾ ಬರಲಿಲ್ಲ. "ಪಾಸ್ಟರ್, ದೇವರು ನನ್ನ ಪೀಸ್ ಪೀಸ್ ಮಾಡಿಬಿಟ್ಟ" ಅಂತ ಕಳೆದ ತಿಂಗಳು ಒಬ್ಬ ತಮ್ಮ ನನ್ನ ಮುಂದೆ ಅತ್ತ. ಬಂದದ್ದೆಲ್ಲ ದೇವರೇ ಮಾಡಿದ್ದು ಅಂತ ನಾನು ಹೇಳಲ್ಲ, ಹಾಗೆ ಹೇಳೋ ಧೈರ್ಯ ನನಗಿಲ್ಲ. ಆದ್ರೆ ಇದನ್ನ ಹೇಳ್ತೀನಿ: ನಿನ್ನ ಬದುಕಿನ ಒಂದು ವಾಷರ್ ಕೂಡ ಆತನ ಟ್ರೇಯಿಂದ ಕಳೆದುಹೋಗಿಲ್ಲ. ಯಾವುದು ಎಲ್ಲಿಂದ ಬಂತು, ಎಲ್ಲಿ ಕೂರಬೇಕು, ಆತನಿಗೆ ಗೊತ್ತು. ಆಮೆನ್?

ಈಗ ಕಷ್ಟದ ಭಾಗಕ್ಕೆ ಬರ್ತೀನಿ.

ಸಿಲಿಂಡರ್ ಒಳಗೆ ಗೀರು ಬಿದ್ದಿತ್ತು, ರೀಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ತಂದೆ. ಸೈಲೆನ್ಸರ್ ಒಳಗಿನ ಕರಿ ಕೆರೆದು ತೆಗೆದೆ. ಉಳಿದದ್ದು ಆ ಸೀಲ್. ಕೈಯಲ್ಲಿ ಹಿಡಿಯೋ ಒಂದು ರಬ್ಬರ್ ಬಳೆ, ಅಷ್ಟೇ. ಆದ್ರೆ ಅದು ಕೂತಿರೋದು ಕ್ಲಚ್ಚು, ಪ್ರೈಮರಿ ಚೈನು, ಕ್ರ್ಯಾಂಕ್ ತುದಿಯ ಸ್ಪ್ರಾಕೆಟ್, ಇವೆಲ್ಲದರ ಹಿಂದೆ. ಆ ಸ್ಪ್ರಾಕೆಟ್ ಟೇಪರ್ ಮೇಲೆ ಕಚ್ಚಿ ಕೂತಿರುತ್ತೆ. ಪುಲ್ಲರ್ ಹಾಕಿ ಎಳೀಬೇಕು. ಪುಲ್ಲರ್ ಇದ್ದದ್ದು ಅಪ್ಪನ ಟೂಲ್ ಪೆಟ್ಟಿಗೆಯಲ್ಲಿ. ಪೆಟ್ಟಿಗೆ ಇದ್ದದ್ದು ಮೈಸೂರಲ್ಲಿ, ಅಣ್ಣನ ಮನೆಯಲ್ಲಿ.

ಅಣ್ಣನ ಜೊತೆ ನಾನು ಮಾತಾಡಿ ಮೂರು ವರ್ಷ ಆಗಿತ್ತು.

ಜೆಸಿ ರೋಡಿಗೆ ಹೋಗಿ ಒಂದು ಪುಲ್ಲರ್ ತಂದೆ, ಥ್ರೆಡ್ ಕೂರಲಿಲ್ಲ. ಅವತ್ತು ರಾತ್ರಿ ಸಿಟ್ಟಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿ ಸುತ್ತಿಗೆಯಿಂದ ಹೊಡೆದೆ. ಸ್ಪ್ರಾಕೆಟ್ ಅಲ್ಲಾಡಲಿಲ್ಲ. ಕೇಸಿಂಗ್ ಅಂಚಿಂದ ಒಂದು ಚೂರು ಹಾರಿಹೋಯ್ತು. ಅಪ್ಪ ಇಪ್ಪತ್ತೈದು ವರ್ಷ ಓಡಿಸಿದ ಇಂಜಿನ್, ಒಂದು ಪೆಟ್ಟಿಗೆ ಒಡೆದೆ. ನೆಲದ ಮೇಲೆ ಕೂತುಬಿಟ್ಟೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದ್ಲು: "ರೀ, ಫೋನ್ ಮಾಡೋ ಬದಲು ಏನೆಲ್ಲ ಒಡೀತೀರಾ?"

ಆ ವಾರ ನಾನು ಇದೇ ನೆಹೆಮೀಯ ಪುಸ್ತಕದಿಂದ ಸಂದೇಶ ತಯಾರಿ ಮಾಡ್ತಿದ್ದೆ. ಗೋಡೆ ಕಟ್ಟೋದರ ಬಗ್ಗೆ. 2, 3, 4ನೇ ಅಧ್ಯಾಯ ಚೆನ್ನಾಗಿ ಹೋಯ್ತು. 5ನೇ ಅಧ್ಯಾಯಕ್ಕೆ ಬಂದು ನಿಂತೆ. ಬೈಬಲ್ ಕಾಲೇಜಲ್ಲಿ ಪರೀಕ್ಷೆಗೆ ಓದಿದ ಅಧ್ಯಾಯ ಅದು, ಅವತ್ತು ಮೊದಲ ಸಲ ಓದಿದ ಹಾಗಾಯ್ತು.

ಗೋಡೆ ಏಳ್ತಾ ಇದೆ. ಆಗ ಒಂದು ಕೂಗು ಬರುತ್ತೆ. ಸನ್ಬಲ್ಲಟನ ಮೇಲಲ್ಲ, ಸ್ವಂತ ಸಹೋದರರ ಮೇಲೆ. ಹೊಲ, ದ್ರಾಕ್ಷಿ ತೋಟ, ಮನೆ ಅಡವಿಟ್ಟಿದ್ದೀವಿ, ಮಕ್ಕಳನ್ನ ಜೀತಕ್ಕೆ ಬಿಡ್ತಿದ್ದೀವಿ, ತಗೊಂಡಿರೋರು ನಮ್ಮವರೇ ಅಂತ. ಸಾಲ ಕೊಟ್ಟವರ ಹತ್ತಿರ ಲೆಕ್ಕ ಇತ್ತು, ಒಪ್ಪಂದ ಇತ್ತು. ನೆಹೆಮೀಯ ಲೆಕ್ಕ ತಪ್ಪು ಅನ್ನಲಿಲ್ಲ. ನೀವು ಮಾಡ್ತಿರೋದು ಒಳ್ಳೇದಲ್ಲ, ದೇವರ ಭಯ ಬೇಡವಾ ಅಂತ ಕೇಳಿದ. 10ನೇ ವಚನ ನೋಡಿ. ತಾನೂ ತನ್ನವರೂ ಸಾಲ ಕೊಟ್ಟಿದ್ದೀವಿ ಅಂತ ಒಪ್ಕೊಂಡು, ತನ್ನನ್ನೂ ಸೇರಿಸಿಯೇ, ಇದನ್ನ ಬಿಟ್ಟುಬಿಡೋಣ ಅಂತಾನೆ. 11ರಲ್ಲಿ ಇವತ್ತೇ ಹಿಂದಕ್ಕೆ ಕೊಡಿ ಅಂತಾನೆ.

ಮೂರನೇ ಪಾಯಿಂಟ್: ಗೋಡೆಗಿಂತ ಮುಂಚೆ ಸಹೋದರ.

ನನ್ನ ವಿಷಯ ಇದು. ಅಪ್ಪನ ಮನೆ ಮಾರಿದಾಗ ಅರ್ಧ ಅಣ್ಣನಿಗೆ, ಅರ್ಧ ನನಗೆ. ಕಾಗದದ ಪ್ರಕಾರ ಸರಿ. ಆದ್ರೆ ಅಪ್ಪ ಮಲಗಿದ್ದ ಹದಿನಾಲ್ಕು ತಿಂಗಳು ಆಸ್ಪತ್ರೆ ಬಿಲ್ ಕಟ್ಟಿದ್ದು ಅಣ್ಣ. ಡಯಾಪರ್ ಬದಲಾಯಿಸಿದ್ದು ಅತ್ತಿಗೆ. ನಾನು ಇಲ್ಲಿಂದ ಫೋನ್‌ನಲ್ಲಿ ಪ್ರಾರ್ಥನೆ ಮಾಡ್ತಿದ್ದೆ. ಅಣ್ಣ ಒಂದು ಸಲ ಆ ಖರ್ಚಿನ ಮಾತೆತ್ತಿದ. ನಾನು "ಅಪ್ಪನಿಗೆ ಮಾಡಿದ್ದಕ್ಕೆ ಲೆಕ್ಕ ಇಡ್ತೀಯಾ?" ಅಂದೆ. ತುಂಬ ಆತ್ಮಿಕವಾಗಿ ಅಂದೆ. ಅರ್ಧ ದುಡ್ಡು ತಗೊಂಡೆ, ಅದರಲ್ಲಿ ಹತ್ತನೇ ಒಂದು ಭಾಗ ದಶಮಾಂಶವನ್ನೂ ಕೊಟ್ಟೆ. ಆಮೇಲೆ ಮೂರು ವರ್ಷ ಇದೇ ಜಾಗದಲ್ಲಿ ನಿಂತು ಕ್ಷಮಾಪಣೆ ಬಗ್ಗೆ ಬೋಧಿಸಿದೆ.

ಟ್ಯಾಂಕ್ ಹೊಳೀತಿತ್ತು, ಪ್ರಿಯರೇ. ಸೀಲ್ ಹೋಗಿತ್ತು.

ಫೋನ್ ಮಾಡಿದೆ. ಕೈ ನಡುಗ್ತಿತ್ತು. "ಅಣ್ಣಾ, ಅಪ್ಪನ ಗಾಡಿ ಬಿಚ್ಚಿದ್ದೀನಿ. ಸ್ಪ್ರಾಕೆಟ್ ಬರ್ತಿಲ್ಲ." ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಸುತ್ತಿಗೇಲಿ ಹೊಡೆದ್ಯಾ?" ಅಂದ. "ಹೊಡೆದೆ." "ಹೊಡೀಬೇಡ. ಬಂದು ಪುಲ್ಲರ್ ತಗೊಂಡೋಗು." ಇಟ್ಟುಬಿಟ್ಟ.

ಸೋಮವಾರ ರೈಲು ಹತ್ತಿದೆ. ಅವನ ಮನೆಯಲ್ಲಿ ಕಾಫಿ ಬಂತು, ಪೆಟ್ಟಿಗೆಯೂ ಬಂತು. ಪುಲ್ಲರ್ ಕೈಯಲ್ಲಿ ಹಿಡಿದು ಎದ್ದು ಬಂದುಬಿಡಬಹುದಿತ್ತು. ಕರ್ತನು ಬಿಡಲಿಲ್ಲ. "ಅಣ್ಣಾ, ಆಸ್ಪತ್ರೆ ಖರ್ಚು ಎಷ್ಟಾಯ್ತು ಅಂತ ನಾನು ಕೇಳಲೇ ಇಲ್ಲ. ಈಗ ಕೇಳ್ತಿದ್ದೀನಿ. ಅರ್ಧ ನಂದು" ಅಂದೆ. ಅವನು ನನ್ನ ಮುಖ ನೋಡಿ, "ಇಷ್ಟು ಕೇಳೋಕೆ ಇಷ್ಟು ವರ್ಷ ಬೇಕಾಯ್ತಾ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಟ್ಟಿಗೆ ಕೊಡೋಷ್ಟು ದುಡ್ಡು ನನ್ನ ಹತ್ತಿರ ಇಲ್ಲ. ಪ್ರತಿ ತಿಂಗಳು 5ನೇ ತಾರೀಖು ಕಳಿಸ್ತಿದ್ದೀನಿ. ಅತ್ತಿಗೆ ಇನ್ನೂ ನನ್ನ ಹತ್ತಿರ ಸರಿಯಾಗಿ ಮಾತಾಡಲ್ಲ. ಅವರ ಹಕ್ಕು ಅದು. ಎಲ್ಲ ಸರಿಹೋಯ್ತು ಅಂತ ಸುಳ್ಳು ಸಾಕ್ಷಿ ನಾನು ಹೇಳಲ್ಲ.

ಅಣ್ಣ ಎರಡು ವಾರ ಬಿಟ್ಟು ತಾನೇ ಬಂದ. ಒಡೆದ ಅಂಚಿಗೆ ಅಲ್ಯೂಮಿನಿಯಂ ವೆಲ್ಡ್ ಮಾಡಿಸಿದ್ವಿ. ಗುರುತು ಹಾಗೇ ಇದೆ, ಇರಲಿ ಅಂತ ಬಿಟ್ಟಿದ್ದೀನಿ. ಪುಲ್ಲರ್ ಹಾಕಿ ನಿಧಾನಕ್ಕೆ ಬಿಗಿ ಮಾಡಿದ, ಸ್ಪ್ರಾಕೆಟ್ ಟಪ್ ಅಂತ ಬಿಟ್ಟುಕೊಡ್ತು. ಹೊಸ ಸೀಲ್ ಕೂರಿಸಿದ್ವಿ. ರಟ್ಟಿನಿಂದ ಒಂದೊಂದೇ ಸ್ಕ್ರೂ ತೆಗೆದು ಅದರ ಜಾಗಕ್ಕೆ ಹಾಕಿದ್ವಿ. ಏಳನೇ ಕಿಕ್‌ಗೆ ಸ್ಟಾರ್ಟ್ ಆಯ್ತು. ಮತ್ತೆ ಹೊಗೆ! ನನ್ನ ಎದೆ ಒಡೀತು. ಅಣ್ಣ ಹೇಳಿದ: "ಇದು ಸೈಲೆನ್ಸರ್‌ನಲ್ಲಿ ಉಳಿದಿರೋ ಹಳೇ ಆಯಿಲ್. ಹೊಸದು ಬರ್ತಿಲ್ಲ. ಉರಿದುಹೋಗಲಿ ಬಿಡು." ಹತ್ತು ನಿಮಿಷದಲ್ಲಿ ತೆಳುವಾಯ್ತು.

ಇದನ್ನ ನೆನಪಿಟ್ಟುಕೊಳ್ಳಿ. ನೀವು ಕ್ಷಮೆ ಕೇಳಿದ ಮೇಲೂ ಸ್ವಲ್ಪ ಕಾಲ ಹೊಗೆ ಬರುತ್ತೆ. ಹಳೇ ಮಾತು, ಹಳೇ ಅನುಮಾನ. ಗಾಬರಿಯಾಗಿ ಇಂಜಿನ್ ಆಫ್ ಮಾಡಬೇಡಿ. ಮತ್ತೆ ಹೊಸ ಬೋರ್ ಹಾಕಿದ ಗಾಡಿಯನ್ನ ಮೊದಲ ಕೆಲವು ನೂರು ಕಿಲೋಮೀಟರ್ ನಿಧಾನಕ್ಕೆ ಓಡಿಸಬೇಕು. ಪಿಸ್ಟನ್ನೂ ಸಿಲಿಂಡರೂ ಒಂದಕ್ಕೊಂದು ಹೊಂದಿಕೊಳ್ಳೋಕೆ ಸಮಯ ಬೇಕು. ಜೋರಾಗಿ ತಿರುಚಿದ್ರೆ ಸೀಜ್ ಆಗುತ್ತೆ. ಮುರಿದ ಸಂಬಂಧಕ್ಕೂ ಅಷ್ಟೇ.

ಮತ್ತಾಯ 5ರಲ್ಲಿ ಕರ್ತನು ಹೇಳ್ತಾನೆ: ಕಾಣಿಕೆ ತಂದು ಯಜ್ಞವೇದಿಯ ಹತ್ತಿರ ನಿಂತಾಗ ನಿನ್ನ ಮೇಲೆ ಸಹೋದರನಿಗೆ ಏನೋ ಇದೆ ಅಂತ ನೆನಪಾದ್ರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು. ಆಮೇಲೆ ಬಾ.

ಇಲ್ಲಿ ಯಾರೋ ಅಕ್ಕನ ಬಂಗಾರ ಅಡವಿಟ್ಟು ಬಿಡಿಸಿಕೊಟ್ಟಿಲ್ಲ. ಯಾರೋ ರೂಮ್‌ಮೇಟ್ ಅಡ್ವಾನ್ಸ್ ವಾಪಸ್ ಕೊಡದೆ ನಂಬರ್ ಬ್ಲಾಕ್ ಮಾಡಿದ್ದೀರಿ. ಯಾರೋ ಊರಲ್ಲಿ ಅಮ್ಮನನ್ನ ನೋಡ್ಕೊಳ್ತಿರೋ ತಮ್ಮನಿಗೆ ಒಂದು ಮಾತು ಥ್ಯಾಂಕ್ಸ್ ಹೇಳಿಲ್ಲ. ಕಣ್ಣು ಮುಚ್ಚಿ. ಯಾರ ಹೆಸರು ಬಂತು? ಅದೇ ನಿನ್ನ ತಿಪ್ಪೆ ಬಾಗಿಲು. ನೆಹೆಮೀಯನ ಗೋಡೆ 52 ದಿನಕ್ಕೆ ಮುಗೀತು, 5ನೇ ಅಧ್ಯಾಯ ದಾಟಿದ ಮೇಲೆ.

ಮುಂದಿನ ಭಾನುವಾರದೊಳಗೆ ಒಂದು ಫೋನ್. ಕೊಡೋದಿದ್ರೆ ಮೊದಲ ಕಂತು. ಹಿಂಸೆ ಮಾಡಿದವರ ಹತ್ತಿರ ಒಬ್ಬರೇ ಹೋಗಿ ಅಂತ ನಾನು ಹೇಳ್ತಿಲ್ಲ. ಅಂಥದ್ದಿದ್ರೆ ಮೊದಲು ನನ್ನ ಹತ್ತಿರ ಅಥವಾ ನನ್ನ ಹೆಂಡತಿ ಹತ್ತಿರ ಬಂದು ಮಾತಾಡಿ.

ಪ್ರಾರ್ಥನೆ ಮಾಡೋಣ. ತಂದೆಯೇ, ನಮ್ಮ ಬಣ್ಣದ ಒಳಗೆ ಏನಿದೆ ಅಂತ ನಿನಗೆ ಗೊತ್ತು. ನಾವು ಮುಚ್ಚಿಟ್ಟದ್ದನ್ನ ಬಿಚ್ಚು ಕರ್ತನೇ, ನಿನ್ನ ಕೈಯಲ್ಲಿ ನಾವು ಗುಜರಿಯಲ್ಲ. ನಾವು ಒಡೆದದ್ದನ್ನ ಒಪ್ಪಿಕೊಳ್ಳೋ ಧೈರ್ಯ ಕೊಡು, ತಗೊಂಡದ್ದನ್ನ ತಿರುಗಿ ಕೊಡೋ ಮನಸ್ಸು ಕೊಡು. ಫೋನ್ ಎತ್ತುವಾಗ ನಡುಗೋ ಕೈಯನ್ನ ನೀನೇ ಹಿಡಿ. ನಮ್ಮ ಅಣ್ಣ ತಮ್ಮಂದಿರನ್ನ, ಅಕ್ಕ ತಂಗಿಯರನ್ನ ಆಶೀರ್ವದಿಸು. ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ ತಂದೆಯೇ, ಆಮೆನ್.