ಇಂದಿನ ಧಮ್ಮ ಚಿಂತನೆ: ಎರಡನೇ ಬಾಣ



ಹಿಂದೆ ನಾನಿದ್ದ ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಟೀ, ನನಗೆ ಮಾತ್ರ ಪೇಪರ್ ಕಪ್. ಯಾರೂ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ರಾತ್ರಿ ನನಗೆ ನಿದ್ದೆ ಬರುತ್ತಿರಲಿಲ್ಲ. ‘ನನ್ನಲ್ಲೇ ಏನೋ ಕೊರತೆ ಇದೆಯೇನೋ’ ಎಂದು ಮನಸ್ಸು ಕೊರೆಯುತ್ತಿತ್ತು.

ಆಗ ಆನಾಪಾನಸತಿಗೆ ಕುಳಿತೆ. ಬೆಳಿಗ್ಗೆ 20 ನಿಮಿಷ, ಉಸಿರನ್ನು ಗಮನಿಸುವುದಷ್ಟೇ. ಕೆಲವು ತಿಂಗಳಲ್ಲಿ ನಿದ್ದೆ ಮರಳಿತು. ಜೊತೆಗೆ ಒಂದು ಪ್ರಶ್ನೆಯೂ ಎದ್ದಿತು: ಅವಮಾನ ಸಹಿಸಿಕೊಳ್ಳುವುದಕ್ಕೆ ಧ್ಯಾನ ಕಲಿಯುತ್ತಿದ್ದೇನೆಯೇ?

ಸಂಯುತ್ತ ನಿಕಾಯದಲ್ಲಿ ಬುದ್ಧರು ಎರಡು ಬಾಣಗಳ ಉಪಮೆ ಕೊಡುತ್ತಾರೆ. ಮೊದಲನೆಯದು ತಾಗಿದ ನೋವು. ಎರಡನೆಯದು ಆ ನೋವಿಗೆ ಮನಸ್ಸು ಸೇರಿಸಿಕೊಳ್ಳುವ ಕೊರಗು. ಪೇಪರ್ ಕಪ್ ಮೊದಲ ಬಾಣ, ಬಿಟ್ಟವರು ಬೇರೆಯವರು. ‘ನಾನೇ ಕೀಳು’ ಎಂಬುದು ಎರಡನೆಯದು. ಧ್ಯಾನ ಎರಡನೆಯದನ್ನು ಕಿತ್ತುಹಾಕಿತು. ಮೊದಲನೆಯದು ಹಾಗೇ ಇತ್ತು. ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಧಮ್ಮವನ್ನು ಮನುಷ್ಯ ಮನುಷ್ಯರ ನಡುವಿನ ಸರಿಯಾದ ಸಂಬಂಧವೆಂದು ವಿವರಿಸುತ್ತಾರೆ. ಆ ಸಂಬಂಧ ಒಬ್ಬನೇ ಕಣ್ಣು ಮುಚ್ಚಿ ಕೂತರೆ ಸರಿಹೋಗದು. ಕೈ ನಡುಗದೆ ಮುಖ್ಯೋಪಾಧ್ಯಾಯರಿಗೆ ದೂರು ಬರೆದುಕೊಟ್ಟೆ. ಲೋಟ ಬಂತು, ಕೆಲವರು ಮಾತು ಬಿಟ್ಟರು. ನಿದ್ದೆ ಕೆಡಲಿಲ್ಲ.

ಧ್ಯಾನ ನನಗೆ ಕೊಟ್ಟದ್ದು ಆ ನಡುಗದ ಕೈ.

ಒಂದು ಮಾತು: ಎಷ್ಟು ಕುಳಿತರೂ ಮನಸ್ಸು ಹಗುರಾಗದಿದ್ದರೆ, ಬದುಕೇ ಬೇಡವೆನಿಸಿದರೆ, ಧ್ಯಾನವೊಂದನ್ನೇ ನೆಚ್ಚಬೇಡಿ. ವೈದ್ಯರನ್ನು ಕಾಣಿ, ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಅದರಲ್ಲಿ ನಾಚಿಕೆಯೇನಿಲ್ಲ.

ಇಂದು ಹತ್ತು ನಿಮಿಷ ಕುಳಿತು ಕೇಳಿಕೊಳ್ಳೋಣ: ನನ್ನೊಳಗೆ ನಾಟಿರುವುದು ಯಾವ ಬಾಣ?

ಜೈಭೀಮ್.